ಕಿಟಕಿಗೊಂದು ಯಂತ್ರ

ಹತ್ತೊಂಬತ್ತು ವರ್ಷ ಕಚೇರಿಯ ವಿಚಾರಣೆ ಕಿಟಕಿಯ ಹಿಂದೆ ಕೂತು ಕೂತು, ಆ ಗುಮಾಸ್ತರ ನಿಜವಾದ ಹೆಸರು ಅವರ ಹೆಂಡತಿಗೂ ಮರೆತುಹೋಗಿತ್ತು. ಎಲ್ಲರಿಗೂ ಅವರು ಕಿಟಕಿಯಪ್ಪ. ಅವರಿಗಿದ್ದದ್ದು ಒಂದೇ ಆಸೆ: ಮಹಡಿ ಮೇಲಿನ ದಾಖಲೆ ಕೋಣೆ. ಅಲ್ಲಿ ಫ್ಯಾನಿನ ಕೆಳಗೆ ಕುರ್ಚಿಯೊಂದು ಖಾಲಿಯಿತ್ತು. ಫೈಲುಗಳು ಪ್ರಶ್ನೆ ಕೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ಸಾಹೇಬರು ಕರೆದರು. "ನಿಮ್ಮ ಕಿಟಕಿಗೆ ಮಾತಾಡೋ ಯಂತ್ರ ಬಂದಿದೆ ಕಣ್ರೀ. ಅದನ್ನ ಕೂರಿಸಿದ ದಿನವೇ ನಿಮಗೆ ದಾಖಲೆ ಕೋಣೆ. ಆದ್ರೆ ಅದಕ್ಕೆ ಏನೇನು ಕಲಿಸ್ಬೇಕು ಅಂತ ಜನರೇ ಆಟ ಆಡಿ ಹೇಳ್ಬೇಕಂತೆ. ಕಣ್ಣು ಕಾಣದವರು, ಕಿವಿ ಕೇಳದವರು, ಓದು ಬಾರದವರು ಮೊದಲು. ಸಂಜೆಯೊಳಗೆ ವರದಿ ಕೊಡಿ."

ಕಿಟಕಿಯಪ್ಪನವರು ಯಂತ್ರ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನೇ ಕತ್ತರಿಸಿ ಹಾಸು, ದಾಳ, ಚೀಟಿ ಎಲ್ಲ ಮಾಡಿದರು. ಸರದಿ ಬಂದವರು ದಾಳ ಉರುಳಿಸಿ ಯಂತ್ರಕ್ಕೊಂದು ಗುಣ ಹೇಳಬೇಕು. ಎಲ್ಲರೂ ಒಪ್ಪಿದರೆ ಚೀಟಿ ಹಾಸಿನ ಮೇಲೆ. ಒಪ್ಪಿದ ಚೀಟಿಯನ್ನು ಸಾಹೇಬರೂ ತೆಗೆಯುವಂತಿಲ್ಲ. ಈ ಕೊನೆಯ ನಿಯಮಕ್ಕೆ ಸಾಹೇಬರ ರುಜುವನ್ನೂ ಹಾಕಿಸಿಕೊಂಡರು. ದೊಡ್ಡವರು ನಡುವೆ ಅಡ್ಡಗಾಲು ಹಾಕಿದರೆ ಕುರ್ಚಿ ಕೈತಪ್ಪೀತಲ್ಲ.

ಆಡಲು ಮಹಡಿಯ ಸಭೆ ಕೋಣೆಗೆ ಮೂವರು ಬಂದರು: ಕಣ್ಣು ಕಾಣದ ಕುರ್ಚಿ ಹೆಣೆಯುವವರು, ಓದು ಬಾರದ ಇಸ್ತ್ರಿ ಅಕ್ಕ, ಕಿವಿ ಮಂದವಾದ ನಿವೃತ್ತ ಟೀಚರಜ್ಜಿ. ಕರೆಯದೆ ಬಂದವರು ಟೈಪಿಸ್ಟಮ್ಮ.

ಕುರ್ಚಿ ಹೆಣೆಯುವವರು ದಾಳ ಸವರಿ, "ಇದ್ರಲ್ಲಿ ಏನೂ ಇಲ್ವಲ್ಲ ಸ್ವಾಮಿ" ಎಂದರು.

"ತೂತು ಮಾಡ್ರೀ, ಅಷ್ಟೂ ಹೊಳೆಯಲ್ವಾ?" ಎಂದರು ಟೈಪಿಸ್ಟಮ್ಮ.

ಫೈಲು ಹೊಲಿಯುವ ದಬ್ಬಳದಿಂದ ಕಿಟಕಿಯಪ್ಪನವರು ಇಪ್ಪತ್ತೊಂದು ತೂತು ಕೊರೆದರು. ಇಪ್ಪತ್ತೆರಡನೆಯದು ಹೆಬ್ಬೆರಳಿಗೆ. ಇಸ್ತ್ರಿ ಅಕ್ಕನಿಗಾಗಿ ಪ್ರತಿ ಚೀಟಿಯನ್ನೂ ಓದಿ ಹೇಳಿದರು. ಅಜ್ಜಿ ಪ್ರತಿಯೊಂದನ್ನೂ ಮೂರು ಸಲ ಕೇಳುತ್ತಿದ್ದರು. ಕೂಗಿ ಕೂಗಿ ಗಂಟಲು ಬಿದ್ದಮೇಲೆ ಅವರ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಿವಿಯಲ್ಲಿ ಹೇಳಿದರು. ಮಧ್ಯಾಹ್ನ ಕರೆಂಟು ಹೋಗಿ ಕಿಟಕಿಯಿಲ್ಲದ ಆ ಸಭೆ ಕೋಣೆ ಕತ್ತಲಾಯಿತು.

"ಯಾಕೆ ಎಲ್ಲರೂ ಸುಮ್ಮನಾದ್ರಿ?" ಎಂದರು ಕುರ್ಚಿ ಹೆಣೆಯುವವರು, ದಾಳ ಉರುಳಿಸುತ್ತ.

ಕಿಟಕಿಯಪ್ಪನವರು ಕೈಹಿಡಿದು ಮೂವರನ್ನೂ ಒಬ್ಬೊಬ್ಬರಾಗಿ ಮೆಟ್ಟಿಲಿಳಿಸಿದರು. ಆಟ ಕೆಳಗಿನ ಜಗಲಿಯಲ್ಲಿ ಮುಂದುವರಿಯಿತು. ಒಂದು ಚೀಟಿಗೂ ಜಗಳವಾಗಲಿಲ್ಲ. ನಾಲ್ಕು ಗಂಟೆಗೆ ವರದಿ ಹಿಡಿದು ಹೊರಟಾಗ ಅವರ ಬೆನ್ನಿಗೆ ಆಗಲೇ ಫ್ಯಾನಿನ ಗಾಳಿ ತಾಗಿದಂತಿತ್ತು.

ಅಷ್ಟರಲ್ಲಿ ಸಾಹೇಬರೇ ಜಗಲಿಗೆ ಬಂದು ಚೀಟಿಗಳನ್ನು ಗಟ್ಟಿಯಾಗಿ ಓದಿದರು. "ಒಂದು, ಓದಿ ಹೇಳ್ಬೇಕು. ಎರಡು, ಮೂರನೇ ಸಲ ಕೇಳಿದ್ರೂ ಬೈಬಾರ್ದು. ಮೂರು, ಕರೆಂಟ್ ಇಲ್ದಿದ್ರೂ ನಡೀಬೇಕು. ನಾಲ್ಕು, ಕೈ ಹಿಡಿದು ಮೆಟ್ಟಿಲು ಇಳಿಸ್ಬೇಕು. ಅಲ್ರೀ, ಇಂಥ ಯಂತ್ರ ಎಲ್ಲಿದೆ?"

"ಅಲ್ಲೇ ನಿಂತಿದಾರಲ್ಲ ಸಾರ್" ಎಂದರು ಇಸ್ತ್ರಿ ಅಕ್ಕ. "ಬೆಳಿಗ್ಗೆಯಿಂದ ಅವರನ್ನ ನೋಡ್ಕೊಂಡೇ ಒಂದೊಂದೂ ಹೇಳಿದ್ವಿ."

ಕಿಟಕಿಯಪ್ಪನವರು ಚೀಟಿಗಳತ್ತ ಕೈ ಚಾಚಿದರು. "ಸಾರ್, ಒಂದೆರಡು ಚೀಟಿ ತೆಗೆದುಬಿಟ್ರೆ..."

"ಒಪ್ಪಿದ ಚೀಟಿನ ನಾನೂ ತೆಗೆಯೋ ಹಾಗಿಲ್ಲ. ನಿಮ್ಮದೇ ನಿಯಮ, ರುಜು ಬೇರೆ ಹಾಕಿದೀನಿ. ಕಿಟಕಿಗೆ ನೀವೇ ಇರಿ. ಆ ಯಂತ್ರ ದಾಖಲೆ ಕೋಣೇಲಿ ಫೈಲ್ ನೋಡ್ಕೊಂಡಿರ್ಲಿ. ಮೇಲೆ ಫ್ಯಾನ್ ಹಾಕಿಡಿ, ಬಿಸಿ ಆಗ್ಬಾರ್ದಂತೆ ಅದಕ್ಕೆ."

ಯಂತ್ರವನ್ನು ಹೊತ್ತು ಮಹಡಿ ಹತ್ತಿದವರೂ ಅವರೇ. ಅದನ್ನು ಆ ಕುರ್ಚಿಯ ಮೇಲೆ ಕೂರಿಸಿ, ಫ್ಯಾನ್ ಹಾಕಿ, ಒಂದು ನಿಮಿಷ ಅದರಡಿ ನಿಂತು ಇಳಿದುಬಂದರು. ಮತ್ತೆ ತಮ್ಮ ಹಳೆಯ ಜಾಗದಲ್ಲೇ ಕೂತರು. ಕಿಟಕಿಯ ಮುಂದೆ ಟೀಚರಜ್ಜಿ ಕಾಯುತ್ತಿದ್ದರು.

"ಕೊನೆಗೆ ಆಟದಲ್ಲಿ ಗೆದ್ದಿದ್ದು ಯಾರಪ್ಪಾ?"

"ನೀವೇ ಅಜ್ಜಿ" ಎಂದರು ಕಿಟಕಿಯಪ್ಪನವರು.

"ಆಂ?"

ಅವರು ಎದ್ದು ಹೊರಗೆ ಬಂದು, ಅಜ್ಜಿಯ ಕಿವಿಯ ಹತ್ತಿರ ಬಾಗಿ ಇನ್ನೆರಡು ಸಲ ಹೇಳಿದರು. ಬೈಯಲಿಲ್ಲ. ಎರಡನೆಯ ಚೀಟಿಯಲ್ಲಿ ಹಾಗೇ ಬರೆದಿತ್ತು.