ಹುಡುಕುತ್ತಿದ್ದೇವೆ, ತುಸು ತಡೀರಿ

ಯಾರ ಮುಖಕ್ಕೂ ನೇರವಾಗಿ 'ಇಲ್ಲ' ಎಂದು ಹೇಳಲಾಗದ ರೋಗ ನನಗಿದೆ. ಇದು ನನ್ನೊಬ್ಬನದೇ ಎಂದುಕೊಂಡರೆ ಊರಿಗೆ ಅನ್ಯಾಯ ಮಾಡಿದಂತಾಗುತ್ತದೆ. ನಮ್ಮ ನಿಪ್ಪಾಣಿ, ಚಿಕ್ಕೋಡಿ ಕಡೆ 'ಇಲ್ಲ' ಎನ್ನುವುದು ಮನೆಗೆ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿದಷ್ಟು ದೊಡ್ಡ ತಪ್ಪು. ಹುಡುಗಿ ಒಪ್ಪಿಗೆಯಾಗದಿದ್ದರೆ ಗಂಡಿನ ಕಡೆಯವರು ಅವಲಕ್ಕಿ ತಿಂದು, 'ನೋಡೂಣ್ರಿ' ಎಂದು ಏಳುತ್ತಾರೆ. ಹಬ್ಬಕ್ಕೆ ಅಂಗಿ ಹೊಲಿದು ಕೊಡಲಾಗುವುದಿಲ್ಲವೆಂದು ಗೊತ್ತಿದ್ದೂ ದರ್ಜಿ 'ನೋಡೂಣ್ರಿ' ಎನ್ನುತ್ತಾನೆ. ಮರಾಠಿಯವರು 'ಬಘೂಯಾ' ಎನ್ನುತ್ತಾರೆ. ಎರಡು ಭಾಷೆಯವರ ನಡುವೆ ಏನೇ ತಕರಾರಿದ್ದರೂ ಈ ಒಂದು ವಿಷಯದಲ್ಲಿ ಪೂರ್ಣ ಒಮ್ಮತವಿದೆ. ಕೇಳಿದವರು ತಿಳಿದುಕೊಂಡು, ಚಹಾ ಕುಡಿದು ಹೋಗುತ್ತಾರೆ. ಇಂಥ ಒಳ್ಳೆಯ ಪದ್ಧತಿಯನ್ನು ನಾನು ಒಯ್ದು ಮೊಬೈಲಿನೊಳಗೆ ಹಾಕಿದೆ. ಆದದ್ದೆಲ್ಲ ಅದರಿಂದಲೇ.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ. ಇಷ್ಟು ದಿನ ಕೂತ ಅತಿಥಿಯನ್ನು ಯಾವ ಮನೆಯವರೂ ಸಹಿಸಲಾರರು, ಕಾಲೇಜಿನವರು ಸಹಿಸಿದ್ದಾರೆ. ಪ್ರತಿ ಜೂನಿನಲ್ಲೂ ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಕಾಯಂ ಮಾಡುವ ವಿಷಯ ಏನಾಯಿತೆಂದು ಕೇಳುತ್ತೇನೆ. ಅವರು ಕನ್ನಡಕ ಒರೆಸುತ್ತಾ, 'ನೋಡೂಣ್ರಿ ಸರ' ಎನ್ನುತ್ತಾರೆ. ಆದರೆ ನಾನು ಇಷ್ಟಾದರೂ ಆದದ್ದು ನನ್ನ ಅಕ್ಕ ಶಾಂತಕ್ಕನಿಂದ. ಅಪ್ಪ ತೀರಿಕೊಂಡಾಗ ಅವಳು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತಳು. ನನ್ನ ಡಿಗ್ರಿಯ ಫೀ, ಪುಸ್ತಕ, ಬಸ್ ಪಾಸು ಎಲ್ಲ ಅವಳ ಬೆರಳಿನಿಂದ ಬಂದದ್ದು. ಈಗ ಅವಳಿಗೆ ನಲವತ್ತೆಂಟು, ಗಂಡನಿಲ್ಲ, ಎದೆಯಲ್ಲಿ ಕೆಮ್ಮು. 'ತಂಬಾಕಿನ ಧೂಳಿನ್ಯಾಗ ಇನ್ನ ಕೂಡಬ್ಯಾಡ್ರಿ, ಬ್ಯಾರೆ ಕೆಲಸ ನೋಡ್ಕೋರಿ' ಎಂದು ಡಾಕ್ಟರರು ಹೇಳಿದರು. ಬೇರೆ ಕೆಲಸ ಔಷಧಿ ಅಂಗಡಿಯಲ್ಲಿ ಸಿಗುತ್ತದೆ ಎನ್ನುವಷ್ಟು ಸಲೀಸಾಗಿ ಹೇಳಿದರು.

ಆಗಷ್ಟೇ ಎಲ್ಲರ ಕೈಗೂ ಅಗ್ಗದ ಇಂಟರ್ನೆಟ್ ಬಂದಿತ್ತು. ನನ್ನ ಕೆಲಸವನ್ನೇ ಬದಲಾಯಿಸಿಕೊಳ್ಳಲಾಗದ ನಾನು ಊರಿನವರ ಕೆಲಸ ಬದಲಾಯಿಸುವ ಆ್ಯಪ್ ಮಾಡಲು ಕೂತೆ. ರಜೆಯಲ್ಲಿ ಮೋಟರ್‌ಸೈಕಲ್ ಹತ್ತಿ ಅಥಣಿಯ ಚಪ್ಪಲಿ ಮಾಡುವವರು, ಬೋರಗಾಂವದ ಪವರ್‌ಲೂಮಿನವರು, ರಾಯಬಾಗ, ಕಾಗವಾಡದ ಅಂಗಡಿಗಳವರು, ಎಲ್ಲರನ್ನೂ ಕೇಳಿ ಖಾಲಿ ಇರುವ ಕೆಲಸಗಳನ್ನು ಬರೆದುಕೊಂಡು ಬಂದೆ. ಎಲ್ಲರೂ ಪ್ರೀತಿಯಿಂದ ಚಹಾ ಕೊಟ್ಟರು. ಎಲ್ಲರಿಗೂ ಮೂವತ್ತೈದರ ಒಳಗಿನವರು, ಹತ್ತನೇ ಪಾಸಾದವರೇ ಬೇಕಾಗಿದ್ದರು. ಉಳಿದವರಿಗೆ ಕೆಲಸ ಸಿಗದಿದ್ದರೆ ಪರದೆಯ ಮೇಲೆ ಏನು ತೋರಿಸುವುದೆಂಬ ಪ್ರಶ್ನೆ ಬಂತು. 'ನಿಮಗೆ ಯಾವ ಕೆಲಸವೂ ಇಲ್ಲ' ಎಂದು ಟೈಪ್ ಮಾಡಿದೆ. ಅಳಿಸಿ, 'ಹುಡುಕುತ್ತಿದ್ದೇವೆ, ತುಸು ತಡೀರಿ' ಎಂದು ಬರೆದು, ಕೆಳಗೆ ತಿರುಗುವ ಒಂದು ಪುಟ್ಟ ಚಕ್ರ ಇಟ್ಟೆ. ನಿಜವಾಗಿ ಅದು ಏನನ್ನೂ ಹುಡುಕುತ್ತಿರಲಿಲ್ಲ, ಸುಮ್ಮನೆ ತಿರುಗುತ್ತಿತ್ತು.

ನನ್ನ ಹಳೆಯ ಮೊಬೈಲಿನಲ್ಲಿ ಆ್ಯಪ್ ಹಾಕಿ ಅಕ್ಕನ ಮನೆಗೆ ಹೋಗಿ ಮೊದಲು ಅವಳಿಗೇ ಕೊಟ್ಟೆ. ಎಲೆ ಸುತ್ತಿ ಸುತ್ತಿ ಅವಳ ಬೆರಳ ತುದಿ ಎಷ್ಟು ಗಟ್ಟಿಯಾಗಿತ್ತೆಂದರೆ, ಒತ್ತಿದರೆ ಪರದೆಗೆ ತಿಳಿಯುತ್ತಲೇ ಇರಲಿಲ್ಲ. ಕೊನೆಗೆ ಬೆರಳ ಗೆಣ್ಣಿನಿಂದ, ಬಾಗಿಲು ಬಡಿದಂತೆ ಬಡಿದಳು. 'ನಿಮಗೆ ಏನೇನು ಬರುತ್ತದೆ' ಎಂಬ ಪ್ರಶ್ನೆ ಬಂತು.

"ಬೀಡಿ ಬಿಟ್ರ ನನಗೇನೂ ಬರೂದಿಲ್ಲ ಅಂತ ಬರಿ," ಎಂದಳು.

ಹಾಗೆ ಹೇಳುತ್ತಿರುವಾಗಲೇ, ಕಣ್ಣು ಹಾಯಿಸದೆ, ಇಪ್ಪತ್ತೈದು ಬೀಡಿ ಎಣಿಸಿ ಒಂದು ಕಟ್ಟು ಕಟ್ಟಿಟ್ಟಿದ್ದಳು. ನಾನು 'ಕೈ ಚುರುಕು' ಎಂದು ಬರೆದೆ. ಚಕ್ರ ತಿರುಗತೊಡಗಿತು. ಅಕ್ಕನ ಮುಖ ಅರಳಿತು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಹೊತ್ತಾಗಿರಲಿಲ್ಲ.

ಆಮೇಲೆ ಎರಡು ಮೂರು ಸಲ ಫೋನ್ ಮಾಡಿದರೆ ಕಟ್ ಮಾಡಿದಳು. ಸಿಟ್ಟಾದಳೇನೋ ಎಂದು ಎಂಟು ದಿನ ಬಿಟ್ಟು ಹೋದೆ. ಬೀಡಿ ಕಟ್ಟುವ ಮೊರದ ಪಕ್ಕ, ಗೋಡೆಗೆ ಆನಿಸಿ, ಮೊಬೈಲನ್ನು ನಿಲ್ಲಿಸಿದ್ದಳು. ಚಕ್ರ ತಿರುಗುತ್ತಿತ್ತು.

"ಯಾಕಕ್ಕಾ, ನನ್ನ ಫೋನ್ ಕಟ್ ಮಾಡಿದಿ?"

"ನಿನ್ನ ಕೂಡ ಮಾತಾಡಿದ್ರ ಅದು ಹುಡುಕೂದ ನಿಂತಗಿಂತೀತು ಅಂತ ಕಟ್ ಮಾಡಿದ್ನೋ ತಮ್ಮಾ. ಪರದೆ ಕತ್ತಲಾದಾಗೊಮ್ಮೆ ಬಡದ ಎಬ್ಬಸ್ತೀನಿ. ಪಾಪ, ಎಂಟ ದಿನಾ ಆತು, ಒಂದ ಸವನ ಹುಡಕಾಕತ್ತೈತಿ. ಮುಂದಿನ ವಾರದ ಎಲಿ ಬ್ಯಾಡಂತ ಗುತ್ತಿಗೆದಾರಗ ಹೇಳಿ ಬಂದೀನಿ."

ಆಗಲಾದರೂ ಇಲ್ಲ ಎನ್ನಬೇಕಿತ್ತು. "ನೋಡೂಣಕ್ಕಾ," ಎಂದೆ.

ಅಕ್ಕನ ಕೈ ನಿಂತಿತು. ಮಾತಾಡುವಾಗ ಅವಳ ಕೈ ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಹಂಗಾರ ಇಲ್ಲ ಅನ್ನು," ಎಂದಳು. "ಮಂದಿ ನೋಡೂಣ ಅಂದ್ರ ನನಗ ತಿಳೀತೈತಿ. ಮಷಿನ್ನಿಗೆ ನಮ್ಮ ಮಂದಿ ಚಟಾ ಹತ್ತಿರಾಕಿಲ್ಲ ಅನ್ಕೊಂಡಿದ್ನಿ," ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನಾನೂ ಅವಳ ಜೊತೆ, ಎಲೆ ತಂಬಾಕು ಕೊಟ್ಟು ಬೀಡಿ ಕಟ್ಟಿಸುವ ಗುತ್ತಿಗೆದಾರನ ಮನೆಗೆ ಹೋದೆ. ಎಲೆ ಬೇಡವೆಂದದ್ದು ತಪ್ಪಾಯಿತು, ಮತ್ತೆ ಕೊಡಿ ಎಂದು ಅಕ್ಕ ಕೇಳಿಕೊಂಡಳು. ಅವನು ಕೈಮುಗಿದು, ಕುರ್ಚಿ ಕೊಟ್ಟು, ಚಹಾ ತರಿಸಿ, "ನೋಡೂಣ್ರಿ ಅಕ್ಕಾರ," ಎಂದ. ಅಕ್ಕ ನನ್ನ ಕಡೆ ನೋಡಿದಳು. ನಾನು ಚಹಾದ ಕಡೆ ನೋಡಿದೆ.

ಹದಿನೈದು ದಿನ ಅಲೆದ ಮೇಲೆ ಎಲೆ ಸಿಕ್ಕಿತು, ಅದೂ ಹರಕು ಎಲೆ. ಆ ಹದಿನೈದು ದಿನ ಅವಳ ಕೆಮ್ಮು ಕಡಿಮೆಯಾಗಿತ್ತು. ಈಗ ಮತ್ತೆ ಮೊದಲಿನಂತೆ ಕೆಮ್ಮುತ್ತಾಳೆ, ಮೊದಲಿನಂತೆ ಕಟ್ಟುತ್ತಾಳೆ. ನಾನು ಆ್ಯಪಿನಿಂದ ಚಕ್ರ ತೆಗೆದುಹಾಕಿ, 'ಸದ್ಯ ನಿಮಗೆ ಕೆಲಸ ಇಲ್ಲ' ಎಂದು ಸ್ವಚ್ಛವಾಗಿ ಬರೆದೆ. ಹಾಕಿಕೊಂಡಿದ್ದ ನಾಲ್ಕೈದು ಜನರೂ ಅದು ಸೊಕ್ಕಿನ ಆ್ಯಪ್ ಎಂದು ತೆಗೆದುಬಿಟ್ಟರು.

ಇಷ್ಟೆಲ್ಲ ಆದ ಮೇಲೆ ನನಗೆ ಬುದ್ಧಿ ಬಂದಿರಬೇಕೆಂದು ನೀವು ತಿಳಿದಿರಬಹುದು. ಮೊನ್ನೆ ಜೂನ್ ಬಂತು. ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕೇಳಿದೆ. ಅವರು ಕನ್ನಡಕ ಒರೆಸಿ, "ನೋಡೂಣ್ರಿ ಸರ," ಎಂದರು. ಬಸ್ ಸ್ಟ್ಯಾಂಡಿನಲ್ಲಿ ಕರದಂಟು ಕಟ್ಟಿಸಿಕೊಂಡು ನೇರವಾಗಿ ಅಕ್ಕನ ಮನೆಗೆ ಹೋದೆ. ಈ ಸಲ ಅವರು ಹೇಳಿದ ರೀತಿ ಬೇರೆಯೇ ಇತ್ತು ಎಂದೆ.

ಅಕ್ಕ ಕರದಂಟು ಬಾಯಿಗೆ ಹಾಕಿಕೊಂಡಳು. ಇಲ್ಲ ಎನ್ನಲಿಲ್ಲ.