ಯುರೋಪಿಗೆ ಹೊರಟ ಜಿಪಿಎಸ್ ಮೊದಲು ಕೆ.ಆರ್. ಪುರಕ್ಕೆ ಹೋಗಿದ್ದು

ನಮ್ಮ ಮನೆಯವರು ಎಲ್ಲಿಗಾದರೂ ಹೊರಟರೆ ದಾರಿಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗದೆ ಹೋದೀತು. ನಮಗೆ ದಾರಿ ಕೇಳುವ ಅಭ್ಯಾಸವಿದೆ. ಗೊತ್ತಿಲ್ಲದ ದಾರಿಯನ್ನು ಎಲ್ಲರೂ ಕೇಳುತ್ತಾರೆ. ನಾವು ಗೊತ್ತಿರುವ ದಾರಿಯನ್ನೂ ಕೇಳುತ್ತೇವೆ. ಹಲಸೂರು ಕೆರೆಯ ಪಕ್ಕದಲ್ಲೇ ನಿಂತು, "ಹಲಸೂರು ಕೆರೆ ಇದೇನಾ?" ಎಂದು ಕೇಳಿ, ಹೌದು ಅನ್ನಿಸಿಕೊಂಡರೇ ಸಮಾಧಾನ. ಒಬ್ಬರು ಹೇಳಿದರೆ ಸಾಲದು, ಇನ್ನೊಬ್ಬರೂ ಹೇಳಬೇಕು. ಇಬ್ಬರೂ ಬೇರೆ ಬೇರೆ ಹೇಳಿದರೆ ಮೂರನೆಯವರನ್ನು ಹುಡುಕಬೇಕು.

ಇಂಥ ನಾವು ಯುರೋಪಿನಲ್ಲಿ ಕಾರು ಓಡಿಸಬೇಕೆಂದು ಹೊರಟೆವು. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ. ಓಡಿಸುವುದು ಎಂದರೆ ಅವಳು. ನಾನು ಪಕ್ಕದಲ್ಲಿ ಕೂರುವವನು.

ಬಾಡಿಗೆಯೋ, ಸ್ವಂತದ್ದೋ

ನನ್ನ ಹೆಂಡತಿ ಮದುವೆಯಾದಾಗಿನಿಂದ ನನ್ನ ಸ್ಕೂಟರಿನ ಹಿಂದೆ ಕೂತು ಜೀವನ್ ಬಿಮಾ ನಗರದಿಂದ ಎಲ್ಲಾ ಕಡೆಗೂ ಓಡಾಡಿದವಳು. ನಲವತ್ತೈದು ದಾಟಿದ ಮೇಲೆ ಹಟ ಹಿಡಿದು ಕಾರು ಕಲಿತಳು. ನಾನು ವಿಮೆ ಕಚೇರಿಯಿಂದ ನಿವೃತ್ತನಾದಾಗ ಅವಳು ಕೇಳಿದ್ದು ಒಂದೇ: "ಆಸ್ಟ್ರಿಯಾದ ಗುಡ್ಡದ ರಸ್ತೇಲಿ ಒಂದ್ಸಲ ನಾನೇ ಕಾರು ಓಡಿಸ್ಬೇಕು ರೀ."

ಅಲ್ಲಿ ಕಾರಿನ ಜೊತೆ ಜಿಪಿಎಸ್ ಕೂಡ ಬಾಡಿಗೆಗೆ ಕೊಡುತ್ತಾರೆ. ಜಿಪಿಎಸ್ ಎಂದರೆ ಕಾರಿನ ಗಾಜಿನ ಹಿಂದೆ ಅಂಟಿಸುವ, ದಾರಿ ಹೇಳುವ ಚಿಕ್ಕ ಯಂತ್ರ. ನಿಮಗೆ ಗೊತ್ತಿರುತ್ತದೆ, ಆದರೂ ಹೇಳಿದೆ. ಬಾಡಿಗೆಗೆ ತಗೊಂಡರೆ ಮೊದಲ ದಿನವೇ ಅಲ್ಲಿ ಕೂತು ಕಲಿಯಬೇಕು. ಕೊಂಡರೆ ಇಲ್ಲೇ ಕಲಿತುಕೊಂಡು ಹೋಗಬಹುದು.

"ಫೋನಿನಲ್ಲೇ ಮ್ಯಾಪ್ ಇದೆಯಲ್ಲ?" ಎಂದೆ.

"ಫೋನಿಗೆ ನಿಮ್ಮಕ್ಕ ಫೋನ್ ಮಾಡ್ತಾರೆ," ಎಂದಳು. "ಗುಡ್ಡದ ತಿರುವಲ್ಲಿ ಮ್ಯಾಪ್ ಮಾಯ ಆಗಿ, ಅವರ ಫೋಟೋ ಬರುತ್ತೆ."

ಕೊಳ್ಳುವುದೆಂದು ತೀರ್ಮಾನವಾಯಿತು.

ಶಿವಾಜಿನಗರದಲ್ಲಿ

ಹೊಸದು ಸಿಗುವುದು ಕಷ್ಟ, ಈಗ ಯಾರೂ ಕೇಳುವುದಿಲ್ಲವಂತೆ. ಶಿವಾಜಿನಗರದ ಒಂದು ಗಲ್ಲಿಯಲ್ಲಿ ಹಳೆಯದು ಸಿಗುತ್ತದೆ ಎಂದು ತಿಳಿಯಿತು. ಅಂಗಡಿಯನ್ನು ಹೇಗೆ ಹುಡುಕಿದೆವು ಎಂದರೆ, ನಾಲ್ಕು ಜನರನ್ನು ಕೇಳಿ.

ಅಂಗಡಿಯವರು ಯಂತ್ರ ಆನ್ ಮಾಡಿದರು. ಬಹಳ ಹೊತ್ತು ಏನೂ ಆಗಲಿಲ್ಲ.

"ನಾವೆಲ್ಲಿದೀವಿ ಅಂತ ಇದಕ್ಕೇ ಗೊತ್ತಾಗ್ತಿಲ್ವಲ್ಲ ಭಾಯ್?" ಎಂದೆ.

"ಸಾರ್, ಈ ಗಲ್ಲಿಯಿಂದ ನಮಗೇ ಆಸ್ಮಾನ್ ಕಾಣಲ್ಲ. ಸ್ಯಾಟಲೈಟ್‌ಗೆ ನಾವು ಹೆಂಗೆ ಕಾಣ್ಬೇಕು? ಇಂಡಿಯಾ ಮ್ಯಾಪೂ ಹಾಕ್ಕೊಡ್ತೀನಿ, ಮೈದಾನದಲ್ಲಿ ನಿಂತು ನೋಡಿ."

ಅಷ್ಟರಲ್ಲಿ ಪರದೆಯ ಮೇಲೆ ಒಂದು ಬೀದಿ ಮೂಡಿತು. ಹೆಸರು ಓದಲು ನಾಲಿಗೆ ಹೊರಳಲಿಲ್ಲ. ಹಿಂದಿನ ಮಾಲೀಕರು ಕೊನೆಯ ಬಾರಿ ಆಫ್ ಮಾಡಿದ್ದು ಜರ್ಮನಿಯಲ್ಲಂತೆ. ತಾನಿನ್ನೂ ಅಲ್ಲೇ ಇದ್ದೇನೆ ಎಂದುಕೊಂಡಿತ್ತು ಅದು.

ನನ್ನ ಹೆಂಡತಿಯ ಮುಖ ಅರಳಿತು. "ನೋಡಿ, ಅದಾಗ್ಲೇ ಹೋಗಿ ಕೂತಿದೆ. ನಾವಿಬ್ರೇ ಬಾಕಿ!"

ಸೋಫಾ ಮೇಲೆ ಆಸ್ಟ್ರಿಯಾ

ಆ ಯಂತ್ರದಲ್ಲಿ ಒಂದು ಸೌಕರ್ಯವಿತ್ತು. ಮನೆಯಲ್ಲಿ ಕೂತೇ ಬೇಕಾದ ದಾರಿಯನ್ನು ಓಡಿಸಿ ನೋಡಬಹುದು. ಪರದೆಯಲ್ಲಿ ಕಾರು ತಾನೇ ಹೋಗುತ್ತದೆ, ಹೆಂಗಸಿನ ದನಿ ಇಂಗ್ಲಿಷಿನಲ್ಲಿ ದಾರಿ ಹೇಳುತ್ತದೆ. ಪ್ರತಿ ಸಂಜೆ ಅಭ್ಯಾಸ ಶುರುವಾಯಿತು. ಅಲ್ಲಿ ಸ್ಟಿಯರಿಂಗ್ ಎಡಗಡೆ ಇರುವುದರಿಂದ ಅವಳು ಸೋಫಾದ ಎಡಗಡೆ, ಕೈಯಲ್ಲಿ ಊಟದ ತಟ್ಟೆ. ತಟ್ಟೆಯೇ ಸ್ಟಿಯರಿಂಗ್ ಎಂದು ಬಿಡಿಸಿ ಹೇಳಬೇಕಿಲ್ಲವೇನೋ.

ಒಂದು ಸಂಜೆ ಪಕ್ಕದ ಮನೆಯ ಅಂಕಲ್ ಪೇಪರ್ ಕೇಳಿಕೊಂಡು ಬಂದರು. ನಾವು ಸಾಲ್ಜ್‌ಬರ್ಗ್ ದಾಟಿ ಗುಡ್ಡ ಹತ್ತುತ್ತಿದ್ದೆವು. ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಅವರು ನಮ್ಮ ಹಿಂದಿನ ಕುರ್ಚಿಯಲ್ಲಿ ಕೂತರು.

"ಬಲಕ್ಕೆ ಕಣೇ, ಬಲಕ್ಕೆ!" ಎಂದೆ ನಾನು.

"ಅವಳು ಹೇಳಿದ್ಲು, ನಂಗೆ ಕೇಳಿಸ್ತು. ನೀವು ಸುಮ್ನಿರ್ತೀರಾ?"

"ಸ್ವಲ್ಪ ನಿಧಾನಕ್ಕೆ ಹೋಗಮ್ಮಾ," ಎಂದರು ಅಂಕಲ್ ಹಿಂದಿನಿಂದ. "ಕೆಳಗೆ ಪ್ರಪಾತ ಇರ್ಬೋದು."

ಎಂಟು ಗಂಟೆಯ ವಾರ್ತೆಯ ಹೊತ್ತಾದಾಗ ಅವರು ಮೆಲ್ಲನೆ ಎದ್ದರು. "ನನ್ನನ್ನ ಇಲ್ಲೇ ಇಳಿಸ್ಬಿಡಿ. ಮನೇಲಿ ಕಾಯ್ತಿರ್ತಾರೆ."

ಇಂದಿರಾನಗರದ ಶಾಂತಿ

ನಂತರ ನಿಜವಾದ ರಸ್ತೆ, ನಮ್ಮದೇ ಕಾರು. ಇಂಡಿಯಾ ಮ್ಯಾಪ್ ಹಳೆಯದಾಗಿದ್ದರಿಂದ ಅದರ ಲೆಕ್ಕದಲ್ಲಿ ಇಂದಿರಾನಗರಕ್ಕೆ ಮೆಟ್ರೋ ಇನ್ನೂ ಬಂದಿರಲಿಲ್ಲ, ಈಗಿನ ಒನ್-ವೇಗಳೂ ಇರಲಿಲ್ಲ. ಅದು ಹೇಳಿದ ಕಡೆ ತಿರುಗಲಾಗದೆ ನನ್ನ ಹೆಂಡತಿ ಮುಂದೆ ಹೋದಳು. ಅದು ಬೇರೆ ದಾರಿ ಹೇಳಿತು. ಅದನ್ನೂ ಬಿಟ್ಟಳು. ಮತ್ತೊಂದು ಹೇಳಿತು. ದನಿ ಒಂದಿಷ್ಟೂ ಏರಲಿಲ್ಲ.

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಆ ಯಂತ್ರವನ್ನು ಬಹಳ ಪ್ರೀತಿಯಿಂದ ನೋಡಿದಳು.

"ನಾನು ಇಷ್ಟು ಸಲ ದಾರಿ ತಪ್ಪಿದೆ. ಒಂದ್ಸಲಾನೂ 'ನಾನಾಗ್ಲೇ ಹೇಳ್ಲಿಲ್ವಾ' ಅನ್ನಲಿಲ್ಲ. ಇದನ್ನ ಮದುವೆ ಟೈಮಲ್ಲೇ ತಗೋಬೇಕಿತ್ತು ರೀ."

ಕೆ.ಆರ್. ಪುರದ ಪರೀಕ್ಷೆ

ಈಗ ಅಕ್ಕನ ವಿಷಯ. ಅಕ್ಕ ಎಂದರೆ ನನ್ನ ಸ್ವಂತ ಅಕ್ಕ, ಕೆ.ಆರ್. ಪುರದಲ್ಲಿ ಮನೆ. ಅಪ್ಪ ಹೋದ ಮೇಲೆ ನನ್ನನ್ನು ಬೆಳೆಸಿದವಳು. ಅವಳ ಮಾತು ಮೀರಿ ನಾನು ಏನನ್ನೂ ಮಾಡಿದ್ದಿಲ್ಲ. ಅವಳೂ ಯುರೋಪಿಗೆ ಹೊರಟಿದ್ದಳು, ಟೂರ್‌ನವರ ಬಸ್ಸಿನಲ್ಲಿ. ನಾವೂ ಅದರಲ್ಲೇ ಬರಬೇಕೆಂದು ಅವಳ ಹಟ.

"ಆ ದೇಶದಲ್ಲಿ ಯಾರನ್ನ ದಾರಿ ಕೇಳ್ತೀರಾ? ರಸ್ತೇಲಿ ಒಂದು ನರಪಿಳ್ಳೆ ಇರಲ್ವಂತೆ!"

"ಕೇಳೋದೇ ಬೇಡ ಅಕ್ಕಾ, ಇದು ಹೇಳುತ್ತೆ," ಎಂದಳು ನನ್ನ ಹೆಂಡತಿ.

"ಹಂಗಾ? ಸರಿ. ನಿಮ್ಮನೆಯಿಂದ ನಮ್ಮನೆಗೆ ಅದು ಹೇಳಿದ ದಾರೀಲೇ ಕರ್ಕೊಂಡು ಹೋಗು. ನೀವಿಬ್ರೂ ಬಾಯಿಬಿಟ್ಟು ದಾರಿ ಕೇಳೋ ಹಂಗಿಲ್ಲ. ಕೇಳಿದ್ರೆ ಇಬ್ರೂ ನನ್ನ ಜೊತೆ ಬಸ್ಸು, ಕೇಳದೆ ತಲುಪಿದ್ರೆ ನಿಮ್ಮಿಷ್ಟ."

ಭಾನುವಾರ ಹೊರಟೆವು. ಅಕ್ಕ ಹಿಂದಿನ ಸೀಟಿನಲ್ಲಿ, ನಮ್ಮಿಬ್ಬರ ಬಾಯನ್ನೇ ನೋಡುತ್ತಾ. ಹಳೇ ಮದ್ರಾಸ್ ರಸ್ತೆಯಲ್ಲಿ ತೊಂದರೆಯಾಗಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಪಕ್ಕದ ಆಟೋದವರನ್ನು ಎಲ್ಲಿ ಕೇಳಿಬಿಡುತ್ತೇನೋ ಎಂದು ನನ್ನ ಕಡೆಯ ಗಾಜನ್ನು ಪೂರ್ತಿ ಏರಿಸಿಕೊಂಡೆ. ತೂಗುಸೇತುವೆ ದಾಟಿದೆವು. ಆಮೇಲೆ ಯಂತ್ರ ನಮ್ಮನ್ನು ಮುಖ್ಯರಸ್ತೆಯಿಂದ ಇಳಿಸಿ ಯಾವುದೋ ಸಂದಿಗೆ ನುಗ್ಗಿಸಿತು. ನಾನು ಅಲ್ಲಿಗೆ ಹೋದವನೇ ಅಲ್ಲ. ಒಂದು ಗೋಡೌನ್, ಒಂದು ಎಮ್ಮೆ, ಎರಡು ಕಡೆ ಕಾಂಪೌಂಡ್ ಗೋಡೆ. ನನ್ನ ಹೆಂಡತಿ ತುಟಿ ಕಚ್ಚಿಕೊಂಡು ಓಡಿಸುತ್ತಿದ್ದಳು. ಆಸ್ಟ್ರಿಯಾ ಕೈಬಿಟ್ಟಿತು ಎಂದೇ ನನಗನ್ನಿಸಿತು.

ಆಗ ಹಿಂದಿನ ಕಿಟಕಿ ಇಳಿದ ಸದ್ದಾಯಿತು.

"ಏನಮ್ಮಾ, ಇಲ್ಲಿ ನೀರಿನ ಟ್ಯಾಂಕ್ ಎದುರಿನ ಹಸಿರು ಗೇಟ್ ಮನೆ ಎಲ್ಲಿ ಬರುತ್ತೆ?"

ಕೇಳಿದ್ದು ಅಕ್ಕ!

ಕೇಳಿಸಿಕೊಂಡದ್ದು ಹೂವಿನ ಬುಟ್ಟಿ ಹೊತ್ತ ಹೆಂಗಸು. ಬಗ್ಗಿ ಕಾರಿನೊಳಗೆ ನೋಡಿದವಳು ಬೆಚ್ಚಿಬಿದ್ದಳು. "ಅಕ್ಕಾ! ಅದು ನಿಮ್ಮನೇನೇ ಅಲ್ವಾ? ದಿನಾ ನಾನೇ ಹೂವು ಕೊಡ್ತೀನಲ್ಲ... ಏನಾಯ್ತಕ್ಕಾ ನಿಮ್ಗೆ?"

ಕಾರು ಇನ್ನೊಂದು ಮಾರು ಮುಂದೆ ಹೋಗಿ ತಿರುಗಿತು. ಎದುರಿಗೆ ಹಸಿರು ಗೇಟು. ತಲುಪಬೇಕಾದ ಜಾಗ ತಲುಪಿದ್ದೀರಿ ಎಂದು ಯಂತ್ರ ಅದೇ ತಣ್ಣನೆಯ ದನಿಯಲ್ಲಿ ಹೇಳಿತು. ಅದು ನಮ್ಮನ್ನು ಮನೆಯ ಹಿಂದಿನ ಸಂದಿಯಿಂದ ಕರೆತಂದಿತ್ತು, ಅಷ್ಟೇ.

ಸಂಜೆಯೊಳಗೆ ಬೀದಿಯವರೆಲ್ಲ ಬಂದು ಅಕ್ಕನ ಆರೋಗ್ಯ ವಿಚಾರಿಸಿದರು. ಎದುರು ಮನೆಯವರು ಮೂಸಂಬಿ ತಂದು, "ನಾನ್ಯಾರು ಹೇಳಿ ನೋಡೋಣ?" ಎಂದು ಪ್ರೀತಿಯಿಂದ ಕೇಳಿದರು.

ಅವರೆಲ್ಲ ಹೋದ ಮೇಲೆ ಅಕ್ಕ ಸ್ವಲ್ಪ ಹೊತ್ತು ಮೂಸಂಬಿ ಸುಲಿದಳು. "ಹೋಗ್ಬನ್ನಿ. ಮಾತು ಅಂದ್ರೆ ಮಾತು," ಎಂದಳು. ನನ್ನ ಹೆಂಡತಿ ಎದ್ದು ಅವಳ ಕಾಲು ಮುಟ್ಟಿದಳು.

"ಒಂದು ವಿಷಯ," ಎಂದಳು ಅಕ್ಕ. "ಆ ಟೂರ್ ಬಸ್ಸಲ್ಲಿ ಕಿಟಕಿ ತೆಗೆಯೋಕೇ ಆಗಲ್ವಂತೆ ಕಣೋ. ಯಾರನ್ನಾದ್ರೂ ಏನಾದ್ರೂ ಕೇಳೋದು ಹೆಂಗೆ? ನಿಮ್ಮ ಕಾರಲ್ಲಿ ಹಿಂದಿನ ಸೀಟು ಖಾಲಿ ತಾನೇ?"

ನನ್ನ ಹೆಂಡತಿ ನಗುತ್ತಲೇ ತಲೆಯಾಡಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು:

"ಹಿಂದಿನ ಕಿಟಕಿ ಲಾಕ್ ಮಾಡೋ ಬಟನ್ ಅಲ್ಲೂ ಡ್ರೈವರ್ ಹತ್ರಾನೇ ಇರುತ್ತೆ ಅಲ್ವಾ ರೀ?"