ಲಾವಣಿ ಕಾರಿನ ಸರ್ವಿಸಿಂಗ್

ಕೆಲವರಿಗೆ ನೆಂಟರು ಬಂದರೆ ಫಜೀತಿ, ಕೆಲವರಿಗೆ ಮಳೆ ಬಂದರೆ ಫಜೀತಿ. ನನಗೆ ಮಾತ್ರ ಕಾರಿನ ಸರ್ವಿಸಿಂಗ್ ದಿನ ಹತ್ತಿರ ಬಂದರೆ ಸಾಕು, ಎಲ್ಲಿದ್ದರೂ ಫಜೀತಿ ವಿಳಾಸ ಕೇಳಿಕೊಂಡು ಮನೆಗೇ ಬರುತ್ತದೆ.

ನಾನು ದನದ ಹಿಂಡಿ ಮಾರುವ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರು. ಮನೆ ಬೈಲಹೊಂಗಲದಲ್ಲಿ; ಕಿತ್ತೂರು, ಸವದತ್ತಿ, ರಾಮದುರ್ಗ ನನ್ನ ತಿರುಗಾಟ. ಮೊದಲು ಸ್ಕೂಟಿ ಇತ್ತು. ಕಬ್ಬಿನ ಟ್ರ್ಯಾಕ್ಟರುಗಳು ಉತ್ತುಹಾಕಿದ ರಸ್ತೆಗಳಲ್ಲಿ ತಿರುಗಿ ತಿರುಗಿ ನನ್ನ ಸೊಂಟ ಕೈಕೊಟ್ಟಿತು. "ಇನ್ನ ಸ್ಕೂಟಿ ಮುಟ್ಟಬ್ಯಾಡ್ರಿ" ಎಂದು ಡಾಕ್ಟರು ಹೇಳಿದ ಮೇಲೆ ಆಫೀಸಿನವರು ಲೀಸಿನ ಕಾರು ಕೊಡಿಸಿದರು. ಕಾರು ಲೀಸ್ ಕಂಪನಿಯದು, ತಿಂಗಳ ಬಾಡಿಗೆ ಆಫೀಸಿನದು, ಓಡಿಸುವವಳು ನಾನು. ಸರ್ವಿಸಿಂಗ್ ಖರ್ಚು ಯಾರದು? ಅದನ್ನೇ ಕೇಳಬೇಡಿ. ತಾನಾಗಿ ಸವೆದದ್ದಾದರೆ ಲೀಸಿನವರದು, ನಾನು ಕೆಡಿಸಿದ್ದಾದರೆ ನನ್ನದು, ಹೊರಗಿನವರು ಕೈ ಹಚ್ಚಿದರೆ ಇಬ್ಬರದೂ ಅಲ್ಲ, ಅಂದರೆ ಮತ್ತೆ ನನ್ನದೇ. ಲೀಸು ಮುಗಿದ ದಿನ ಅವರ ಮನುಷ್ಯ ಬಂದು ತಪಾಸಣೆ ಮಾಡುತ್ತಾನೆ. ಕಾರು ನೆಟ್ಟಗಿದ್ದರೆ ಇನ್ನೊಂದು ಹೊಸ ಕಾರು. ಇಲ್ಲವಾದರೆ ಮತ್ತೆ ಸ್ಕೂಟಿ. ಹೀಗೆ ನನ್ನ ಸೊಂಟದ ಹಣೆಬರಹ ಒಂದು ಕಾರಿನ ಕೈಯಲ್ಲಿತ್ತು.

ಕಾಕಾನ ಕಾಯ್ದೆ

ನನ್ನ ಯಜಮಾನರ ಕಾಕಾ ಮುನವಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ಅವರ ಅಪ್ಪನಿಗೆ ಹೊಲ ಬಂದದ್ದೇ ಉಳುವವನೇ ಒಡೆಯ ಎಂಬ ಕಾಯ್ದೆಯಿಂದ. ಹಾಗಾಗಿ ಪರರ ಸೊತ್ತಿನ ವಿಷಯದಲ್ಲಿ ಕಾಕಾನ ತಲೆ ವಕೀಲರಿಗಿಂತ ಚುರುಕು. ಕಾರು ನೋಡಿದವರೇ ಕೇಳಿದರು:

"ಯಾರ್ದವಾ ಗಾಡಿ?"

ಲೀಸು ಅಂದರೇನೆಂದು ವಿವರಿಸಿದೆ. ಕಾಕಾ ಒಂದೇ ಮಾತಿಗೆ ಹಿಡಿದುಬಿಟ್ಟರು.

"ಲಾವಣಿ ಅನ್ನು ಹಂಗಾರ. ಮಂದಿ ಹೊಲಾ ನಾವು ಮಾಡಿದಂಗ. ಬೀಜ, ಗೊಬ್ಬರ ಯಾರ್ದು?"

"ಡೀಸೆಲ್ಲು ಆಫೀಸಿಂದ್ರಿ ಕಾಕಾ. ಸರ್ವಿಸಿಂಗ್ ಮಾಲಕರ್ದು."

"ಇಲ್ಲೇ ತಪ್ಪಿದಿ ನೋಡು!" ಕಾಕಾ ತೊಡೆ ತಟ್ಟಿದರು. "ಮಾಲಕನ ಕೈಲೆ ಖರ್ಚ ಮಾಡಿಸಿದ್ರ ನಿನ್ನ ಹಕ್ಕು ಏನ ಉಳೀತು? ಸರ್ವಿಸ್ ನೀನ ಮಾಡ್ಸು. ಪಾವತಿ ಚೀಟಿ ನಿನ್ನ ಹೆಸರ್ಲೆ ತಗೋ. ನಾಕ ಮಂದಿ ಮುಂದ ಹೊಡಿ. ನಾಳೆ ಕಾಯ್ದೆ ಬಂತಂದ್ರ, ಹೊಡದಾಕೀದ ಗಾಡಿ!"

ನಕ್ಕು ಊಟಕ್ಕೆ ಕುಳಿತೆ. ಎರಡನೇ ರೊಟ್ಟಿ ಮುರಿಯುವಾಗ ಹೊರಗೆ ಬಾನೆಟ್ ಎತ್ತಿದ ಸಪ್ಪಳ. ಎಂಜಲುಗೈಯಲ್ಲೇ ಓಡಿದೆ. ಕಾಕಾ ಟ್ರ್ಯಾಕ್ಟರ್ ರಿಪೇರಿ ಮಿಸ್ತ್ರಿಯನ್ನು ಕರೆಸಿಬಿಟ್ಟಿದ್ದರು. ಆತ ಗ್ರೀಸ್ ಗನ್ನು ಹಿಡಿದು ಕಾರಿನ ಹೊಟ್ಟೆಯೊಳಗೆ ತಲೆ ಹಾಕಿದ್ದ.

"ಮುಟ್ಟಬ್ಯಾಡ್ರಿ!" ಎಂದು ನಾನು ಚೀರಿದ ರಭಸಕ್ಕೆ ಆತನ ತಲೆ ಬಾನೆಟ್ಟಿಗೆ ಬಡಿಯಿತು.

"ನಾ ಏನೂ ಬಿಚ್ಚಿಲ್ರಿ ಅಕ್ಕಾರ" ಎಂದ ಆತ ತಲೆ ತಿಕ್ಕಿಕೊಳ್ಳುತ್ತ. "ಗ್ರೀಸ್ ಎಲ್ಲಿ ಹೊಡಿಬೇಕಂತ ಹುಡಕಾಕ ಹತ್ತೇನಿ. ಒಂದ ತೂತೂ ಬಿಟ್ಟಿಲ್ಲ ಪುಣ್ಯಾತ್ಮರು."

ಹೊರಗಿನವರು ಕೈ ಹಚ್ಚಿದರೆ ನನ್ನ ಕಾರು ಹೋಯಿತೆಂದು ಕಾಕಾನಿಗೆ ಕೈಮುಗಿದು ಹೇಳಿದೆ. ಅವರಿಗೆ ನನ್ನ ಮೇಲೆ ಮರುಕ ಬಂತು. ಹೊರಡುವಾಗ ಕಿಟಕಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದರು:

"ಇರ್ಲಿ ಬಿಡವಾ. ಪೂರಾ ಗಾಡಿ ಸಿಗಲಿಲ್ಲ ಅಂದ್ರ, ಹಿಂದಿನ ಸೀಟ ಆದ್ರೂ ನಿನ್ನ ಹೆಸರಿಗಿ ಆಗೂವಂಗ ನೋಡು."

ಬಲಗಡೆ ಎತ್ತು

ಕಿತ್ತೂರಿನ ಹತ್ತಿರ ಹೆದ್ದಾರಿ ಪಕ್ಕದ ರಸ್ತೆಯಲ್ಲಿ ಟೈರ್ ಪಂಕ್ಚರ್ ಆಯಿತು. ಎದುರಿಗೇ ಪಂಕ್ಚರ್ ಅಂಗಡಿ. ನಿಯಮವೇನೆಂದರೆ ಮೊದಲು ಲೀಸಿನವರಿಗೆ ಫೋನ್ ಮಾಡಬೇಕು. ಮಾಡಿದೆ. ಬೆಂಗಳೂರಿನ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ಮಾತಾಡಿದಳು. "ಇದು ಸವೆತಾನಾ, ಅಪಘಾತಾನಾ ಮೇಡಂ?"

"ಮೊಳೆ ಹೊಕ್ಕೈತಿ."

"ಹಾಗಾದ್ರೆ ಹೊರಗಿನ ವಸ್ತು. ಅಪಘಾತ ಅಂತ ಹಾಕ್ತೀನಿ. ವಸ್ತು ಎಲ್ಲಿಂದ ಬಂತು?"

ಪಂಕ್ಚರ್ ಅಂಗಡಿಯವನು ಆಗಲೇ ಬಂದು ಮಂಡಿಯೂರಿ ಕುಳಿತಿದ್ದ. ಮುಟ್ಟುವಂತಿಲ್ಲ ಎಂದದ್ದಕ್ಕೆ ಆತನಿಗೆ ಸಿಟ್ಟು. ಆದರೂ ಕಣ್ಣಿನಲ್ಲೇ ಪರೀಕ್ಷೆ ಮಾಡಿ ಹೇಳಿದ: "ಎತ್ತಿನ ಲಾಳದ ಮೊಳಿ ಐತ್ರಿ."

ಅದನ್ನೇ ಫೋನಿನಲ್ಲಿ ಹೇಳಿದೆ. ಆಕೆ ಅದನ್ನೂ ಕೀಬೋರ್ಡಿನಲ್ಲಿ ಕುಟ್ಟಿಕೊಂಡಳು.

"ಅಂದ್ರೆ ಎದುರು ಪಾರ್ಟಿ ಎತ್ತಾ ಮೇಡಂ?"

"ಇರಬೇಕು."

"ಇನ್ನೊಂದು ವಾಹನ ಅನ್ನೋ ಜಾಗ ಖಾಲಿ ಬಿಡೋಕಾಗಲ್ಲ. ಎತ್ತಿನ ಗಾಡಿ ಅಂತ ಹಾಕ್ಲಾ? ನಂಬರ್ ಕೇಳುತ್ತೆ."

ಗಾಡಿಗೆ ನಂಬರಿಲ್ಲ, ಎತ್ತು ಯಾರದೆಂದು ಗೊತ್ತಿಲ್ಲ, ಮೊಳೆ ಕಳಚಿಕೊಂಡ ಎತ್ತು ಪಾಪ ಈಗ ಯಾವ ಹೊಲದಲ್ಲಿ ಕುಂಟುತ್ತಿದೆಯೋ. ಅಷ್ಟರಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಕಾರಿನ ಸುತ್ತ ಸೇರಿದ್ದರು. ಒಬ್ಬರು ಎತ್ತಿನ ಪರ, ಒಬ್ಬರು ನನ್ನ ಪರ, ಉಳಿದವರು ರಸ್ತೆ ಮಾಡಿಸಿದವರ ವಿರುದ್ಧ.

ಪಂಕ್ಚರಿನವನು ಮೊಳೆಯನ್ನು ಇನ್ನೊಮ್ಮೆ ಬಗ್ಗಿ ನೋಡಿ, ಸಾಕ್ಷಿ ನುಡಿಯುವವರ ಗತ್ತಿನಲ್ಲಿ ಹೇಳಿದ:

"ನಂಬರ್ ಇಲ್ಲಂದ್ರ ಬಲಗಡೆ ಎತ್ತು ಅಂತ ಬರಕೊಳ್ಳಾಕ ಹೇಳ್ರಿ. ಎಡಗಡೆದಕ್ಕ ಇಷ್ಟ ಸಿಟ್ಟು ಇರಂಗಿಲ್ಲ."

ಡ್ರೈವರ್ ಬಾಯಿ

ನಿಯಮದ ಪ್ರಕಾರ ಕಾರನ್ನು ನಾನೊಬ್ಬಳೇ ಓಡಿಸಬೇಕು. ನನ್ನ ಯಜಮಾನರು ಹೈಸ್ಕೂಲು ಮಾಸ್ತರು, ಮೂವತ್ತು ಊರಿನ ಹುಡುಗರಿಗೆ ಶಿಸ್ತು ಕಲಿಸಿದವರು. ಅವರು ಸ್ಟೀರಿಂಗ್ ಮುಟ್ಟಿದರೂ ಮುಂದಿನ ಸರ್ವಿಸಿಂಗ್ ಖರ್ಚೆಲ್ಲ ನಮ್ಮ ತಲೆಗೆ. ಹಾಗಾಗಿ ಅವರು ಎಡಗಡೆ ಸೀಟಿನಲ್ಲಿ ಕೈಕಟ್ಟಿ ಕೂಡುತ್ತಾರೆ.

ರಾಮದುರ್ಗದ ಒಂದು ಮದುವೆಗೆ ಹೋಗಿದ್ದೆವು. ಮಂಟಪದ ಬಾಗಿಲಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು ಓಡಿ ಬಂದು ನನ್ನ ಯಜಮಾನರ ಕಡೆಯ ಬಾಗಿಲು ತೆರೆದರು. "ಬರ್ರಿ ಸಾಹೇಬ್ರ, ಬರ್ರಿ." ಆಮೇಲೆ ನನ್ನತ್ತ ನೋಡಿ, "ಡ್ರೈವರ್ ಬಾಯಿಗೂ ಊಟಕ್ಕ ಹೇಳೇವ್ರಿ, ಆಚಿ ಕಡೆ ಪಂಕ್ತಿ ಐತಿ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಯಜಮಾನರ ಕಿವಿಯಲ್ಲಿ ಕೇಳಿದರು: "ಚೊಲೋ ಹೊಡಿತಾಳ್ರಿ. ಪಗಾರ ಎಷ್ಟ ಕೊಡ್ತೀರಿ?"

ನಮ್ಮ ಮಾಸ್ತರು ಅಂಗಿಯ ತೋಳು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು:

"ಪಗಾರ ಅಕೀನ ತರತಾಳ್ರಿ. ನಾ ಬರೇ ಖರ್ಚ ಮಾಡತೇನಿ."

ಜಗಲಿ ಮೇಲಿನ ಫಿಲ್ಟರ್

ಹುಣ್ಣಿಮೆಗೆ ಯಜಮಾನರ ಜೊತೆ ಅತ್ತೆಯವರನ್ನು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋದೆ. ಗುಡ್ಡಕ್ಕೆ ಹೋದ ಮೇಲೆ ಭಂಡಾರದ ಅರಿಷಿಣಪುಡಿ ಹಾರಿಸದೆ ಬರುವುದುಂಟೆ? ಅತ್ತೆ ಕಾರಿಗೂ ಭಂಡಾರ ಹಚ್ಚಿದರು. ಹಚ್ಚಿದರು ಅಂದರೆ ಬೊಟ್ಟಿನಷ್ಟಲ್ಲ, ಮುಂದಿನ ಗಾಜಿನ ಕೆಳಗಿನ ಸಂದಿಯಲ್ಲಿ ಬೊಗಸೆಗಟ್ಟಲೆ ಸುರಿದು "ಉಧೋ ಉಧೋ" ಅಂದರು.

ಇಳಿಯುವಾಗ ಸೆಕೆಯೆಂದು ಎಸಿ ಹಚ್ಚಿದೆ. ಒಂದೇ ಉಸಿರಿಗೆ ಕಾರೆಲ್ಲ ಹಳದಿ. ನನ್ನ ಕನ್ನಡಕ ಹಳದಿ, ಯಜಮಾನರ ಮೀಸೆ ಹಳದಿ. ಅತ್ತೆ ಹಿಂದಿನ ಸೀಟಿನಲ್ಲಿ ಕಣ್ಮುಚ್ಚಿ ಕೈಮುಗಿದು, "ಅವ್ವ ಗಾಡಿಯೊಳಗ ಬಂದ್ಲು" ಅಂದರು.

ಮುಂದಿನ ವಾರ ಸರ್ವಿಸಿಂಗಿಗೆ ಹುಬ್ಬಳ್ಳಿಗೆ ಹೋದೆ. ಅಲ್ಲಿಯ ಸಾಹೇಬರು ಎಸಿ ಫಿಲ್ಟರ್ ಎತ್ತಿ ಹಿಡಿದು ಕೇಳಿದರು: "ಮೇಡಂ, ಏನ್ ಕೆಮಿಕಲ್ಲು ಇದು?"

"ಭಂಡಾರ್ರಿ. ಎಲ್ಲಮ್ಮಂದು."

ಸಾಹೇಬರು ಹೊಸ ಫಿಲ್ಟರ್ ಹಾಕಿಸಿದರು. ಆದರೆ ಹಳೆಯದನ್ನು ಕಸದ ಡಬ್ಬಿಗೆ ಹಾಕಲು ಹೇಳಿದಾಗ ಮೆಕ್ಯಾನಿಕ್ ಕೈ ಹಿಂದೆಗೆದ. "ನಮ್ಮ ಮನಿದೇವ್ರ್ರೀ ಸರ್." ಎರಡನೆಯವನನ್ನು ಕರೆದರು. ಆತ ಚಪ್ಪಲಿ ಬಿಟ್ಟು ಬಂದು ಫಿಲ್ಟರಿಗೆ ನಮಸ್ಕಾರ ಮಾಡಿ ವಾಪಸು ಹೋದ. ಕಡೆಗೆ ಸಾಹೇಬರೇ ಡಬ್ಬಿಯ ತನಕ ಒಯ್ದರು. ತಿರುಗಿ ಬಂದು ಅದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

"ಹಳೇ ಸಾಮಾನು ಹೊರಗೆ ಕೊಡೋ ಹಂಗಿಲ್ಲ ಮೇಡಂ. ಇದನ್ನ ಪ್ರಸಾದ ಅಂತ ತಿಳ್ಕೊಂಡು ಒಯ್ರಿ."

ಈಗ ಅದು ನಮ್ಮ ಮನೆಯ ದೇವರ ಜಗಲಿಯ ಮೇಲಿದೆ. ಅತ್ತೆ ದಿನಾ ಊದಿನಕಡ್ಡಿ ಬೆಳಗುತ್ತಾರೆ. ಮನೆಗೆ ಬಂದವರು ಯಾವ ದೇವರೆಂದು ಕೇಳಿದರೆ, "ತಂಪು ಮಾಡೂ ದೇವ್ರು" ಅನ್ನುತ್ತಾರೆ.

ಉಡಿ

ಕಡೆಗೂ ಲೀಸು ಮುಗಿದು ತಪಾಸಣೆಯ ದಿನ ಬಂತು. ಹಿಂಡಿಪುಡಿಯ ಒಂದು ಕಣವೂ ಉಳಿಯದಂತೆ ಹಿಂದಿನ ದಿನವೇ ಕಾರು ತೊಳೆದು ಒರೆಸಿದ್ದೆ.

ಬಂದವರು ಮಾತಿಲ್ಲದ ಮನುಷ್ಯ. ಕಿಸೆಯಲ್ಲಿ ಟಾರ್ಚು, ಕಿವಿಯಲ್ಲಿ ಪೆನ್ಸಿಲು. ಬಾಗಿಲ ಗೀರು ನೋಡಿ "ಹ್ಞೂಂ" ಅಂದರು. ಟೈರು ನೋಡಿ "ಹ್ಞೂಂ" ಅಂದರು. ಒಂದೊಂದು ಹ್ಞೂಂಗೂ ನನ್ನ ಸೊಂಟದಲ್ಲಿ ಚಳಕು ಹೊಡೆಯುತ್ತಿತ್ತು. ಆಮೇಲೆ ಬಾನೆಟ್ ಎತ್ತಿದರು. ಹ್ಞೂಂ ಅನ್ನಲಿಲ್ಲ.

"ಮೇಡಂ, ಇಲ್ಲಿ ಬರ್ರಿ ಒಂದಿಷ್ಟು."

ನೋಡಿದೆ. ಬ್ಯಾಟರಿಯ ಮೇಲೆ ಹಸಿರು ಖಣ ಹಾಸಿತ್ತು. ಅದರ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಬೆಲ್ಲದಚ್ಚು, ಎಲೆ ಅಡಿಕೆ; ಮನೆಮಗಳನ್ನು ಕಳಿಸುವಾಗ ಮಡಿಲು ತುಂಬುವ ಸಾಮಾನೆಲ್ಲ. ಅಕ್ಕಿ ಕಾಳು ಇಂಜಿನ್ನಿನ ಸಂದಿಗೊಂದಿಗೆಲ್ಲ ಇಳಿದಿದ್ದವು. ಯಜಮಾನರತ್ತ ನೋಡಿದೆ, ಬಾನೆಟ್ ತೆರೆದುಕೊಟ್ಟ ಮಹಾನುಭಾವರು ಆಕಾಶ ನೋಡುತ್ತಿದ್ದರು.

ಅತ್ತೆ ಸೆರಗು ಹೊದ್ದುಕೊಂಡು ಹೊರಗೆ ಬಂದರು. "ನಾನ ಉಡಿ ತುಂಬೇನ್ರಿ ಸಾಹೇಬ್ರ. ಇಷ್ಟ ವರ್ಷ ಮನ್ಯಾಗ ಇದ್ದಾಕಿ, ಬರೇ ಉಡೀಲೆ ಕಳಸೂದು ಛಂದ ಏನು?"

"ಅವ್ವಾರ, ಗಾಡಿ ಒಳಗ ನಿಮ್ಮ ಸಾಮಾನು ಏನೂ ಇರಬಾರದಂತ ನಿಯಮ ಐತ್ರಿ. ತಗೀಬೇಕಾಗತೈತಿ."

"ತುಂಬಿದ ಉಡಿ ಬರಿದು ಮಾಡಿ ಕಳಸೂದ? ನೀವು ಯಾ ಊರವ್ರು?"

"ರಾಮದುರ್ಗದ ಕಡ್ಯಾಂವ್ರಿ."

"ಮತ್ತ, ನಿಮ್ಮ ಅಕ್ಕ-ತಂಗೇರನ ಹಂಗ ಕಳಸ್ತೀರಿ?"

ಆ ಮನುಷ್ಯ ಬರೆಯಲು ಪೆನ್ಸಿಲು ತೆಗೆದರು. ನನ್ನ ಹೊಸ ಕಾರು ಹೋಯಿತು, ಸ್ಕೂಟಿ ಬಂತು ಎಂದು ನನ್ನ ಕಣ್ಣಲ್ಲಿ ನೀರೇ ಬಂತು. ಅವರು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿದರು. ಹೆಗಲ ಮೇಲಿನ ಟಾವೆಲ್ಲನ್ನು ಕಟ್ಟೆಯ ಮೇಲೆ ಹಾಸಿ, ಖಣವನ್ನು ನಾಲ್ಕೂ ಮೂಲೆ ಹಿಡಿದು ಜೋಪಾನವಾಗಿ ಎತ್ತಿಟ್ಟರು. ಸಂದಿಯ ಅಕ್ಕಿಯನ್ನೆಲ್ಲ ಬೆರಳಿಂದ ಆರಿಸಿ ಅದಕ್ಕೇ ಸೇರಿಸಿ, ಗಂಟು ಕಟ್ಟಿ ಮುಂದಿನ ಸೀಟಿನ ಮೇಲೆ ಕೂಡಿಸಿದರು.

"ಗಾಡಿ ಸಂಗಾಟನ ಹೋಗತೈತ್ರಿ ಅವ್ವಾರ" ಎಂದು, ನನ್ನತ್ತ ತಿರುಗಿ, "ಗಾಡಿ ಚೊಲೋ ಇಟ್ಟೀರಿ ಮೇಡಂ. ಹೊಸಾದಕ್ಕ ಒಪ್ಪಿಗಿ ಬರೀತೇನಿ" ಅಂದರು.

ಅವರು ಕಾರು ಚಾಲು ಮಾಡಿದರು. ಅತ್ತೆ ಬಾನೆಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ಕಿಟಕಿಯ ಹತ್ತಿರ ಬಗ್ಗಿ, ಬೀಗರಿಗೆ ಹೇಳುವ ದನಿಯಲ್ಲಿ ಹೇಳಿದರು:

"ಪಂಚಮಿಗಿ ಕಳಸ್ರಿ ಮತ್ತ."

ಆ ಮನುಷ್ಯ ಒಂದಿಷ್ಟೂ ನಗಲಿಲ್ಲ. ಗೇರ್ ಹಾಕುತ್ತ ಹೇಳಿದರು:

"ಕಳಸ್ತೇವ್ರಿ ಅವ್ವಾರ. ಆದ್ರ ತವರಿಗಿ ಬಂದಾಗ ಸರ್ವಿಸಿಂಗ್ ಖರ್ಚ ನಿಮ್ದ ನೋಡ್ರಿ."

"ಅದು ನ್ಯಾಯಾನ ಬಿಡ್ರಿ" ಅಂದರು ಅತ್ತೆ.

ಇಷ್ಟು ವರ್ಷಗಳಲ್ಲಿ ಲೀಸಿನ ಒಂದು ನಿಯಮ ನನಗೆ ಪೂರ್ತಿ ಅರ್ಥವಾದದ್ದು ಆವತ್ತೇ.